ಮಾತಿಲ್ಲದ ಸಂಗೀತಕ್ಕೆ ಕನ್ನಡ ಶಾಲೆಯಲ್ಲಿ ಜಾಗವಿಲ್ಲವೇ?

"ಚಲೋ ಬಾರಸ್ಯಾನ್ರೀ ಸರ್, ಆದ್ರ ಇದರಾಗ ಕನ್ನಡ ಎಲ್ಲೈತಿ?"

ಪರ್ವರಿಯಲ್ಲಿ ರಾಜ್ಯೋತ್ಸವದ ತಾಲೀಮು ನೋಡಲು ಬಂದಿದ್ದ ಸಂಘಟಕರೊಬ್ಬರು ನಮಗೆ ಕೇಳಿದ ಪ್ರಶ್ನೆ ಇದು. ನುಡಿಸಿದವನು ಏಳನೆಯ ತರಗತಿಯ ಹುಡುಗ. ಅಪ್ಪ ಬಾಗಲಕೋಟೆ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಹುಡುಗ ಯಾರದೋ ಹಳೆಯ ಕೀಬೋರ್ಡ್ ತಂದು, ಮೊಬೈಲಿನಲ್ಲಿ ಕೇಳಿ ಕೇಳಿ, ಒಂದು ತುಣುಕನ್ನು ತಾನೇ ಕಲಿತಿದ್ದ. ಇನ್ನೊಬ್ಬರು ಸೇರಿಸಿದರು: "ಇದು ದೆವ್ವದ ಪಿಕ್ಚರಿನ ಮ್ಯೂಸಿಕ್ ಅಲ್ಲೇನ್ರೀ?" ಅಲ್ಲಿಗೆ ಮುಗಿಯಿತು. ಹುಡುಗನ ಹೆಸರು ಪಟ್ಟಿಯಿಂದ ಹೋಯಿತು. ಅದೇ ಪಟ್ಟಿಯಲ್ಲಿ ಸಿನಿಮಾ ಹಾಡು ಹಾಕಿ ಕುಣಿಯುವ ರೆಕಾರ್ಡ್ ಡ್ಯಾನ್ಸ್ ಮಾತ್ರ ಹಾಗೇ ಉಳಿಯಿತು!

ಇರಲಿ. ಅವತ್ತು ನಾವು ಬಾಯಿ ಬಿಡಲಿಲ್ಲ, ಅದು ನಮ್ಮ ತಪ್ಪು. ಈಗಲಾದರೂ ಉತ್ತರ ಕೊಡೋಣ.

ಹುಡುಗ ನುಡಿಸಿದ್ದು 'ಟ್ಯೂಬ್ಯುಲರ್ ಬೆಲ್ಸ್' ಎಂಬ ಆಲ್ಬಮ್ಮಿನ ಆರಂಭ. ಇಂಗ್ಲೆಂಡಿನ ಮೈಕ್ ಓಲ್ಡ್‌ಫೀಲ್ಡ್ ಎಂಬ ತರುಣನ ಮೊದಲ ಏಕವ್ಯಕ್ತಿ ಆಲ್ಬಮ್. ಮೂರು ನಿಮಿಷದ ಹಾಡಿನ ಚೌಕಟ್ಟು ಬಿಟ್ಟು ದೀರ್ಘವಾದ ರಚನೆಗಳತ್ತ ಹೋದ ರಾಕ್ ಸಂಗೀತದ ಕವಲನ್ನು ಪ್ರೊಗ್ರೆಸಿವ್ ರಾಕ್ ಅನ್ನುತ್ತಾರೆ. ಇದು ಆ ಜಾತಿಯದು. ಒಂದೊಂದು ಬದಿಗೆ ಒಂದೊಂದೇ ರಚನೆ, ಎರಡೂ ಇಪ್ಪತ್ತು ನಿಮಿಷ ಮೀರಿದವು. ಒಂದೆಡೆ ವಾದ್ಯಗಳ ಹೆಸರು ಹೇಳುವ ದನಿ, ಇನ್ನೊಂದೆಡೆ ಅರ್ಥವಿಲ್ಲದ ಗುರುಗುಟ್ಟುವಿಕೆ. ಅದು ಬಿಟ್ಟರೆ ಮಾತೇ ಇಲ್ಲವೆನ್ನಬಹುದು. ಎರವಲು ತಂದ ಟೇಪ್ ರೆಕಾರ್ಡರಿನ ಅಳಿಸುವ ಹೆಡ್ಡಿಗೆ ಅಡ್ಡ ಇಟ್ಟು, ಒಂದು ವಾದ್ಯದ ಮೇಲೆ ಇನ್ನೊಂದನ್ನು ತಾನೇ ನುಡಿಸಿ ಕೂಡಿಸಿ, ಮೊದಲ ಕರಡು ತಯಾರಿಸಿದ. ಹಲವು ಕಂಪನಿಗಳು ಬೇಡವೆಂದವು. ಕಡೆಗೆ 1973ರ ಮೇ 25ರಂದು ಆಗಷ್ಟೇ ಹುಟ್ಟಿದ ವರ್ಜಿನ್ ಕಂಪನಿಯ ಮೊದಲ ಆಲ್ಬಮ್ಮಾಗಿ ಹೊರಬಂತು. ಡ್ರಮ್, ಕೊಳಲಿನಂಥ ಕೆಲವನ್ನು ಬಿಟ್ಟು ಹೆಚ್ಚಿನ ವಾದ್ಯಗಳನ್ನು ಅವನೊಬ್ಬನೇ ನುಡಿಸಿದ್ದ. ಆಗ ವಯಸ್ಸು ಇಪ್ಪತ್ತು ತುಂಬಿ ಹತ್ತು ದಿನ. 1974ರ ಅಕ್ಟೋಬರಿನಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ದೆವ್ವದ ಮಾತಿಗೆ ಬರೋಣ. 'ದಿ ಎಕ್ಸಾರ್ಸಿಸ್ಟ್' ತೆರೆಕಂಡದ್ದು 1973ರ ಡಿಸೆಂಬರಿನಲ್ಲಿ, ಆಲ್ಬಮ್ ಬಂದು ಏಳು ತಿಂಗಳಾದ ಮೇಲೆ. ಸಿನಿಮಾದವರು ಈ ಸಂಗೀತವನ್ನು ಎತ್ತಿಕೊಂಡರು, ಅಷ್ಟೆ. ಪಾಪ, ಸಂಗೀತಕ್ಕೆ ದೆವ್ವ ಹಿಡಿದದ್ದು ಆಮೇಲೆ!

"ಅದೆಲ್ಲ ಬಿಳಿಯರ ಕಥೆ" ಎನ್ನುವಿರಾ? ಪರ್ವರಿಯಿಂದ ಮಾಪುಸಾ ದಾಟಿ ಮುಂದೆ ಹೋದರೆ ಶಿವೋಲಿ. ಅಲ್ಲಿ 1984ರಲ್ಲಿ ರೆಮೊ ಫರ್ನಾಂಡಿಸ್ ತಮ್ಮ ಮನೆಯಲ್ಲೇ 'ಗೋವನ್ ಕ್ರೇಜಿ' ಕ್ಯಾಸೆಟ್ ಮಾಡಿದರು. ತಾವೇ ಬರೆದು, ತಾವೇ ಹಾಡಿ, ವಾದ್ಯಗಳನ್ನೂ ತಾವೇ ನುಡಿಸಿ, ಸ್ಕೂಟರಿನ ಮೇಲೆ ಅಂಗಡಿ ಅಂಗಡಿಗೆ ಒಯ್ದು ಮಾರಿದರು. ಅದರಲ್ಲಿ ಹಾಡುಗಳಿವೆ, ನಿಜ. ಆದರೆ ಒಬ್ಬನೇ ಕೂತು ಇಡೀ ಮೇಳ ಕಟ್ಟುವ ಹಟ ಅದೇ. ಅಂದ ಹಾಗೆ ಇಬ್ಬರೂ ಹುಟ್ಟಿದ್ದು 1953ರ ಮೇ ತಿಂಗಳಲ್ಲಿ, ಒಂದು ವಾರದ ಅಂತರದಲ್ಲಿ!

ಇನ್ನು ನಮ್ಮವರು. ಗದುಗಿನ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ಹಾರ್ಮೋನಿಯಂ, ತಬಲಾ, ಪಿಟೀಲು ಸೇರಿ ಹಲವು ವಾದ್ಯಗಳಲ್ಲಿ ಪಳಗಿದವರು. ಬಂಟ್ವಾಳ ತಾಲೂಕಿನ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿ ಬಂದರು. ಆ ಸ್ಯಾಕ್ಸೋಫೋನಿನಲ್ಲಿ ಕನ್ನಡ ಎಲ್ಲಿದೆ ಎಂದು ನಾವು ಯಾರಾದರೂ ಕೇಳಿದೆವೇ? ಹಾರ್ಮೋನಿಯಂ ಬಂದದ್ದೂ ಯುರೋಪಿನಿಂದಲೇ. ಅದಿಲ್ಲದೆ ನಮ್ಮ ಕಂಪನಿ ನಾಟಕ ನಡೆಯುತ್ತಿತ್ತೇ?

ಸಂಘಟಕರ ಅಂಜಿಕೆ ನಮಗೆ ಅರ್ಥವಾಗದ್ದೇನಲ್ಲ. ಇಲ್ಲಿ ಮಕ್ಕಳ ಸುತ್ತ ಇರುವುದು ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷು. ವರ್ಷಕ್ಕೊಂದು ದಿನ ಸಿಗುವ ವೇದಿಕೆಯಲ್ಲಿ ಒಂದೊಂದು ನಿಮಿಷವೂ ಕನ್ನಡಕ್ಕೇ ಸಲ್ಲಲಿ ಎನ್ನುವುದು ಪ್ರೀತಿಯ ಮಾತೇ. ಆದರೆ ಆ ಪ್ರೀತಿಯಿಂದ ಹುಡುಗ ಕಲಿತ ಪಾಠ ಯಾವುದು? ಕನ್ನಡವೆಂದರೆ ಬಾವುಟ, ಘೋಷಣೆ, ಹಾಡು. ತನಗೆ ನಿಜವಾಗಿ ಇಷ್ಟವಾದದ್ದು ಅದರ ಹೊರಗೆ. ಇದನ್ನು ಹನ್ನೆರಡನೇ ವಯಸ್ಸಿಗೇ ಕಲಿಸಿಬಿಟ್ಟರೆ ಅವನು ಮುಂದೆ ಯಾವ ಭಾಷೆಯತ್ತ ಹೋಗುತ್ತಾನೆ, ನೀವೇ ಹೇಳಿ.

ಮರುದಿನ ತರಗತಿಯಲ್ಲಿ ನಾವು ಅವನನ್ನೇ ಎಬ್ಬಿಸಿ ಕೇಳಿದೆವು, "ಇದನ್ನ ಹ್ಯಾಂಗ್ ಕಲ್ತೆಪಾ?" ಹುಡುಗ ಕರಿಹಲಗೆಯ ಮೇಲೆ 7 + 8 = 15 ಎಂದು ಬರೆದ. "ಮೊದ್ಲ ಏಳು ಎಣಸ್ಬೇಕ್ರಿ ಸರ್, ಆಮ್ಯಾಲ ಎಂಟು. ಎಂಟೆಂಟು ಅಂತ ಹೊಂಟ್ರ ತಪ್ಪತೈತ್ರಿ." ನಾವು ತಕಿಟ ತಕಧಿಮಿ ಎಂದು ಏಳು ಹೇಳಿಕೊಟ್ಟೆವು, ತಕಧಿಮಿ ತಕಧಿಮಿ ಎಂದು ಎಂಟು. ಇಡೀ ತರಗತಿ ಡೆಸ್ಕ್ ಬಡಿಯಿತು. ಅರ್ಧ ಗಂಟೆ ಮಕ್ಕಳು ಲಯದ ಬಗ್ಗೆ, ಗಣಿತದ ಬಗ್ಗೆ, ಟೇಪ್ ರೆಕಾರ್ಡರಿನ ಬಗ್ಗೆ ಕನ್ನಡದಲ್ಲೇ ಜಗಳವಾಡಿದರು. ಕನ್ನಡ ಎಲ್ಲೈತಿ ಅಂದಿರಲ್ಲ ಸ್ವಾಮಿ, ಇಲ್ಲೈತಿ!

ನಮ್ಮ ಬೇಡಿಕೆ ದೊಡ್ಡದಲ್ಲ. ಗಡಿಯಾಚೆಯ ಕನ್ನಡ ಶಾಲೆಗಳ ಕಾರ್ಯಕ್ರಮಗಳಲ್ಲಿ ಹತ್ತು ನಿಮಿಷ ಮಾತಿಲ್ಲದ ಸಂಗೀತಕ್ಕೆ ಇಡಿ. ಹಲಗೆಯಾದೀತು, ಕೊಳಲಾದೀತು, ಕೀಬೋರ್ಡೂ ಆದೀತು. ಷರತ್ತು ಒಂದೇ: ನುಡಿಸುವ ಮೊದಲು ಮಗು ವೇದಿಕೆಯ ಮೇಲೆ ನಿಂತು, ತಾನು ಏನು ನುಡಿಸುತ್ತೇನೆ, ಯಾಕೆ ಇಷ್ಟ ಎಂದು ಎರಡು ನಿಮಿಷ ಕನ್ನಡದಲ್ಲಿ ಹೇಳಬೇಕು. ರೆಕಾರ್ಡ್ ಡ್ಯಾನ್ಸಿನ ಮಕ್ಕಳಿಗೂ ಇದೇ ಷರತ್ತು ಇಟ್ಟು ನೋಡಿ.

ಬರುವ ನವೆಂಬರಿಗೆ ನಾವು ಅದೇ ಹುಡುಗನ ಹೆಸರನ್ನು ಮತ್ತೆ ಕೊಡುತ್ತೇವೆ. ಈ ಸಲ ಸುಮ್ಮನೆ ಕೂರುವುದಿಲ್ಲ.