ಯಾವ ಸೋಮವಾರ, ಸಾಹೇಬರೇ?

ಸರ್ಕಾರಿ ಬೋಧಕ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ,

ಮಾನ್ಯರೇ,

ಎರಡು ಅರ್ಜಿ ಕೊಟ್ಟೆ. ದೂರು ಪೆಟ್ಟಿಗೆಗೂ ಒಂದು ಚೀಟಿ ಹಾಕಿದೆ. ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೂರು ಮಧ್ಯಾಹ್ನ ಕಾದೆ. ಇನ್ನು ನಾಲ್ಕು ಜನ ಓದಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ಮೂರು ವರ್ಷದ ಮಗಳನ್ನು ನೀವು ಮರೆತಿರಲಾರಿರಿ. ಮೈತುಂಬ ಕಂದು ಮಚ್ಚೆ, ಮಾಸ್ಟೊಸೈಟೋಸಿಸ್. ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು ಒಂದು ಮಚ್ಚೆಯನ್ನು ಪೆನ್ನಿನ ಹಿಂಬದಿಯಿಂದ ಉಜ್ಜಿದಿರಿ. ನೋಡನೋಡುತ್ತ ಅದು ಕೆಂಪಗೆ ಉಬ್ಬಿತು. ‘ಇದೇ ಡೇರಿಯರ್ ಸೈನ್, ಮತ್ತೆ ನೋಡೋಕೆ ಸಿಗಲಿಕ್ಕಿಲ್ಲ’ ಎಂದಿರಿ. ಹಿಂದೆ ನಿಂತವರಿಗೆ ಕಾಣಲಿಲ್ಲವೆಂದು ಇನ್ನೊಂದನ್ನೂ ಉಜ್ಜಿದಿರಿ. ಮಗು ಚೀರಿತು. ನಾನು ಸುಮ್ಮನಿದ್ದೆ. ‘ಸೋಮವಾರ ಬಾರಮ್ಮ, ಒಂದು ತಿಂಗಳ ಸೆಟಿರಿಜಿನ್ ಸಿರಪ್ ಒಮ್ಮೆಲೇ ಕೊಡಿಸ್ತೀನಿ’ ಎಂದಿದ್ದಿರಲ್ಲ, ಅದಕ್ಕೆ.

ಆ ಸೋಮವಾರ ಔಷಧದ ಕಿಂಡಿಯಲ್ಲಿ ಸಿಕ್ಕಿದ್ದು ಮೂರು ದಿನದ ಸಿಪಿಎಂ ಎಂಬ ಅಲರ್ಜಿ ಮಾತ್ರೆ, ‘ಕಾಲು ಭಾಗ ಮುರಿದು ಕೊಡಿ’ ಎಂಬ ಮಾತಿನೊಂದಿಗೆ. ನುಂಗಿದ ಮಗು ಹಗಲೆಲ್ಲ ತೂಕಡಿಸಿತು. ಸಿರಪ್ ತರಿಸಲು ಇಂಡೆಂಟೇ ಹೋಗಿಲ್ಲವಂತೆ.

ಚರ್ಮದಲ್ಲಿ ತುಂಬಿಕೊಂಡ ಮಾಸ್ಟ್ ಕೋಶಗಳು ಹಿಸ್ಟಮಿನ್ ಉಗುಳುತ್ತವೆ, ಅದು ಹೋಗಿ ಕೂರುವ ಜಾಗದಲ್ಲಿ ಔಷಧ ಮೊದಲೇ ಕೂತಿರಬೇಕು, ಹಾಗಾಗಿ ದಿನವೂ ಕೊಡಿ, ತುರಿಕೆ ಎದ್ದಾಗ ಮಾತ್ರವಲ್ಲ. ಇದನ್ನು ಹೇಳಿಕೊಟ್ಟವರು ನಿಮ್ಮದೇ ಕಿರಿಯ ವೈದ್ಯೆ. ಹರೆಯ ಬರುವಷ್ಟರಲ್ಲಿ ಬಹಳಷ್ಟು ಮಕ್ಕಳಲ್ಲಿ ಮಚ್ಚೆ ಮಾಸುತ್ತವೆಂದೂ ಹೇಳಿದರು. ಅಲ್ಲಿಯವರೆಗೆ ಮೂರು ಮೂರು ದಿನಕ್ಕೆ ಬರಲೇ? ಸೆಕೆ, ತಿಕ್ಕಾಟ ಎರಡೂ ಈ ಮೈಗೆ ಆಗುವುದಿಲ್ಲ. ನಮ್ಮೂರಿಂದ ಕೆಂಪು ಬಸ್ಸಿನಲ್ಲಿ ಎರಡು ತಾಸು, ಅದೂ ಏಪ್ರಿಲ್‌ನಲ್ಲಿ. ಔಷಧ ತರಲು ಹೊರಟರೇ ಕಾಯಿಲೆ ಕೆರಳುತ್ತದೆ.

ನಾನು ಅಂಗನವಾಡಿ ಕಾರ್ಯಕರ್ತೆ. ಒಂದು ಮೊಟ್ಟೆಯ ಲೆಕ್ಕ ತಪ್ಪಿದರೆ ನನಗೆ ನೋಟಿಸ್. ಐದು ತಿಂಗಳಿಂದ ನಿಮ್ಮಲ್ಲಿ ಒಂದು ಸಿರಪ್ ಇಲ್ಲ, ಯಾರಿಗೆ ನೋಟಿಸ್ ಹೋಯಿತು? ಪಾಠಕ್ಕೆ ಅಪರೂಪದ ಕೇಸು, ಔಷಧ ಕೇಳಿದರೆ ‘ಒಬ್ಬಳಿಗೋಸ್ಕರ ತರಿಸೋಕಾಗಲ್ಲ’. ಕಾಯಿಲೆ ಅಪರೂಪ, ಸರಿ. ಸೆಟಿರಿಜಿನ್ನೂ ಅಪರೂಪವೇ? ನೆಗಡಿಗೂ ಬರೆದುಕೊಡುವ ಔಷಧವದು! ನಾನು ಹೇಗೋ ಹೊರಗೆ ಕೊಳ್ಳುತ್ತಿದ್ದೇನೆ. ನನ್ನ ಹಿಂದೆ ಸಾಲಿನಲ್ಲಿದ್ದ ಸಕ್ಕರೆ ಕಾಯಿಲೆಯ ಮುದುಕನಿಗೂ ‘ಹೊರಗೆ ತಗೋ’ ಎಂದೇ ಹೇಳಿ ಕಳಿಸಿದರು. ಹಾಗಾದರೆ ಒಳಗೆ ಇರುವುದೇನು?

ಜ್ವರ ಬಂದರೆ ಐಬುಪ್ರೊಫೆನ್ ಕೊಡುವ ಮುನ್ನ ಯೋಚಿಸಬೇಕೆಂದು ಮಗುವಿನ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ ಎಂದೂ ಕೇಳಿದ್ದೆ. ಅದಕ್ಕೆ ಇಂಡೆಂಟ್ ಬೇಕಿರಲಿಲ್ಲ, ಪೆನ್ನು ನಿಮ್ಮ ಕೈಯಲ್ಲೇ ಇತ್ತು.

ಬರುವ ಸೋಮವಾರ ಬರುತ್ತೇನೆ. ಚೀಟಿ ತರುತ್ತೇನೆ, ಮಗಳನ್ನು ಕರೆತರುವುದಿಲ್ಲ.

ಇಂತಿ,
ಮಚ್ಚೆಯ ಮಗುವಿನ ತಾಯಿ