ಕಾರು ಚೆನ್ನಾಗೈತೆ, ಆದ್ರೆ ನಮಗೆ ಬ್ಯಾಡ

ಅಕ್ಕ ತಂಗೀರೇ, ಈ ಸಲ ಅಡುಗೆಮನೆ ಬಿಟ್ಟು ಕಾರಿನ ವಿಚಾರ ಬರೀತಾ ಇವ್ನಿ, ನಗಬ್ಯಾಡಿ. ಮದ್ದೂರಿನ ಹತ್ರ ಇರೋ ನಮ್ಮ ನಾದಿನಿ ಮಗ, ಹೈವೇಗೆ ಹೋದ ಜಮೀನಿನ ದುಡ್ಡಲ್ಲಿ ಒಂದು ಹಳೇ ಅಮೆರಿಕಾ ಕಾರು ತಗೋತೀನಿ ಅಂತ ಹಟ ಹಿಡಿದವ್ನೆ. ನಮ್ಮ ನೆಂಟರಿಷ್ಟರಲ್ಲೆಲ್ಲ ಈಗ ಇದೇ ಮಾತು. ನಾದಿನಿ ಫೋನ್ ಮಾಡಿ "ಅತ್ತಿಗೆ, ನೀವೊಂದು ಮಾತು ಹೇಳಿ" ಅಂತ ಕೇಳಿದ್ಲು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಕಾರು ಒಳ್ಳೇದೇ. ಮಾರೋರು ಮಾರ್ತಿರೋದೂ ಸರಿಯೇ. ನಮ್ಮ ಹುಡುಗ ತಗೊಳ್ಳೋದು ಮಾತ್ರ ಸರಿಯಿಲ್ಲ.

ಕಾರಿನ ಫೋಟೊ ನಾನೂ ನೋಡ್ದೆ. ಸ್ಟುಡಿಬೇಕರ್ ಪ್ರೆಸಿಡೆಂಟ್ ಅಂತ, 1955ನೇ ಇಸವಿದು. ಬೆಂಗಳೂರಿನ ಹಳೇ ಬಡಾವಣೆಲಿ ಒಂದೇ ಮನೆಯೋರು ಇಟ್ಕೊಂಡಿದ್ದ ಕಾರು. ಮುಂದುಗಡೆ ಬೆಳ್ಳಿ ತಟ್ಟೆ ತೊಳೆದಂಗೆ ಥಳಥಳ ಅಂತದೆ. ಒಳಗೆ ಸೀಟು ನಮ್ಮ ಪಡಸಾಲೆ ದಿವಾನದಷ್ಟು ಅಗಲ. ಮುಂದುಗಡೆ ಸೀಟಲ್ಲೇ ಮೂರು ಜನ ಆರಾಮಾಗಿ ಕೂರಬೋದು. ಕೇಳ್ತಿರೋದು 30 ಲಕ್ಷ. ನೋಡಕ್ಕೆ ಕಣ್ಣಿಗೆ ಹಬ್ಬ, ಇಲ್ಲ ಅನ್ನಕ್ಕಾಗಕಿಲ್ಲ.

ಈ ಸ್ಟುಡಿಬೇಕರ್ ಅನ್ನೋರ ಕಥೆ ಹುಡುಗನೇ ಹೇಳ್ದ, ನನಗೆ ಬಲೇ ಇಷ್ಟ ಆಯ್ತು. ಅವರು ಮೂಲದಲ್ಲಿ ಕಮ್ಮಾರರು ಕಣ್ರವ್ವ! ಅಮೆರಿಕಾದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಅನ್ನೋ ಊರಲ್ಲಿ ಅಣ್ಣತಮ್ಮಂದಿರು 1852ರಲ್ಲಿ ಕುಲುಮೆ ಇಟ್ಕೊಂಡು ಗಾಡಿ ಮಾಡಕ್ಕೆ ಶುರು ಮಾಡಿದ್ರಂತೆ. ನಮ್ಮೂರ ಕಡೆ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟೆ ಕಾಯಿಸಿ ಹೊಡೀತಿದ್ರಲ್ಲ, ಅಂಥದ್ದೇ ಕೆಲಸ. ಅಲ್ಲಿಂದ ಬೆಳೆದು 1902ರಲ್ಲಿ ಮೋಟಾರಿಗೆ ಬಂದ್ರು. ಪ್ರೆಸಿಡೆಂಟ್ ಅನ್ನೋದು ಅವರ ದೊಡ್ಡ ಮನೆತನದೋರ ಕಾರು. 1954ರಲ್ಲಿ ಪ್ಯಾಕರ್ಡ್ ಅನ್ನೋ ಇನ್ನೊಂದು ಕಂಪನಿ ಜೊತೆ ಸೇರ್ಕಂಡ್ರು, 1966ಕ್ಕೆ ಕಾರು ಮಾಡೋದನ್ನೇ ನಿಲ್ಲಿಸಿಬಿಟ್ರು. ಧರ್ಮಸ್ಥಳದ ಮ್ಯೂಸಿಯಂ ನೋಡಿರೋರು ಹಳೇ ಕಾರುಗಳ ಸಾಲಲ್ಲಿ ಸ್ಟುಡಿಬೇಕರ್ ಹೆಸರು ಓದಿರ್ತೀರಿ.

ಕಂಪನಿ ಮುಚ್ಚಿ ಅರವತ್ತು ವರ್ಷ ಆಗ್ತಾ ಬಂತಲ್ಲ, ನಾನು ಹಿಡ್ಕೊಂಡಿದ್ದು ಅದನ್ನೇ. ನಾಳೆ ಒಂದು ಬ್ರೇಕಿನ ಸಾಮಾನು ಹೋದ್ರೆ ಮಂಡ್ಯದಲ್ಲಿ ಸಿಕ್ತದಾ? ಅಮೆರಿಕಾದಲ್ಲಿ ಹಳೇ ಕಾರಿನೋರ ಸಂಘಗಳವೆ, ಅಲ್ಲಿಂದ ತರಿಸಬೋದು ಅಂತಾನೆ. ತರಿಸಬೋದಪ್ಪ. ಸಾಮಾನಿನ ಬೆಲೆ ಬೇರೆ, ಹಡಗಿನ ಬಾಡಿಗೆ ಬೇರೆ, ಸುಂಕ ಬೇರೆ. ನಮ್ಮ ಮಿಕ್ಸಿ ಜಾರಿನ ಬ್ಲೇಡು ಮದ್ದೂರಲ್ಲಿ ಸಿಗದೆ ಎರಡು ತಿಂಗಳು ಒಳಕಲ್ಲಲ್ಲಿ ರುಬ್ಬಿದೀವಿ.

ಈ ಕಾರುಗಳು ನಮ್ಮ ದೇಶದಲ್ಲಿ ಯಾಕೆ ಇಷ್ಟು ಕಮ್ಮಿ ಅನ್ನೋದನ್ನೂ ತಿಳ್ಕೊಳ್ಳಿ. 1928ರಲ್ಲೇ ಜನರಲ್ ಮೋಟರ್ಸ್‌ನೋರು ಬೊಂಬಾಯಲ್ಲಿ ಕಾರು ಜೋಡಿಸೋ ಕಾರ್ಖಾನೆ ಮಾಡಿದ್ರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದೋರು, ಬರೀ ಜೋಡಿಸೋದಲ್ಲ, ಇಲ್ಲೇ ತಯಾರು ಮಾಡೋದಾದ್ರೆ ಮಾಡಿ, ಇಲ್ಲದಿದ್ರೆ ಹೊರಡಿ ಅಂದ್ರು. ಅವರು 1954ರ ಹೊತ್ತಿಗೆ ಬಾಗಿಲು ಹಾಕಿದ್ರು, ಫೋರ್ಡ್‌ನೋರೂ ಹೋದ್ರು. ಆಮೇಲೆ ನಮಗೆ ಅಂಬಾಸಡರ್ರೇ ಗತಿ. 1973ರಲ್ಲಿ ಪೆಟ್ರೋಲ್ ರೇಟು ಏರಿದಾಗ ಅಮೆರಿಕಾ ಕಾರು ಇದ್ದೋರು ಸುಸ್ತಾದ್ರು. ಎಂಟು ಸಿಲಿಂಡರಿನ ಇಂಜಿನ್ನು, ಲೀಟರಿಗೆ ಐದು ಕಿಲೋಮೀಟರ್ ಕೊಟ್ರೆ ಪುಣ್ಯ. ಎಷ್ಟೋ ಜನ ಒಳಗಿನ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿಬಿಟ್ರು. ಮೇಲೆ ರೇಷ್ಮೆ ಸೀರೆ, ಒಳಗೆ ಹರಕಲು ಲಂಗ ಅಂದಂಗೆ. ಅದ್ಕೇ ನಾನು ನಾದಿನಿಗೆ ಹೇಳ್ದೆ, ಇಂಜಿನ್ ನಂಬರು, ಚಾಸಿ ನಂಬರು ಆರ್‌ಸಿ ಪುಸ್ತಕದ್ದಕ್ಕೆ ತಾಳೆ ಆಗ್ತದಾ ಮೊದಲು ನೋಡ್ಸು ಅಂತ.

ಎತ್ತು ತಗೊಳ್ಳಕ್ಕೆ ಹೋದ್ರೆ ನಮ್ಮ ಮಾವನೋರು ಹಲ್ಲು ನೋಡೋರು, ಗೊರಸು ನೋಡೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸಿ ನೋಡೋರು. ಕೊಂಬಿಗೆ ಬಣ್ಣ ಬಳಿದಿದ್ದನ್ನ ನೋಡಿ ಯಾರೂ ದುಡ್ಡು ಬಿಚ್ಚುತಿರಲಿಲ್ಲ. ಕಾರೂ ಹಂಗೇ. ಪೇಂಟ್ ಕೆಳಗೆ ತುಕ್ಕು ಮುಚ್ಚಿ ಪಟ್ಟಿ ಮೆತ್ತಿರ್ತಾರೆ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದ್ರೆ ತಗಡಿಗೆ ಅಂಟ್ಕೊಳ್ತದೆ, ಮೆತ್ತಿರೋ ಕಡೆ ಅಂಟಕಿಲ್ಲ. ಬಾಗಿಲ ಕೆಳಗಿನ ಅಂಚು, ಡಿಕ್ಕಿಯ ತಳ ಇವೇ ಮೊದಲು ಕೊಳೆಯೋದು.

ಹುಡುಗನ ಲೆಕ್ಕ ಬೇರೆ. ಮದುವೆ ಮೆರವಣಿಗೆಗೆ, ಮದುವೆಗೆ ಮುಂಚೆ ಗಂಡುಹೆಣ್ಣು ಫೋಟೊ ತೆಗೆಸ್ಕೊತಾರಲ್ಲ ಅದಕ್ಕೆ, ಬಾಡಿಗೆಗೆ ಬಿಟ್ರೆ ಬಡ್ಡಿಗಿಂತ ಜಾಸ್ತಿ ಬತ್ತದೆ ಅಂತಾನೆ. ಇಲ್ಲೇ ಅವನು ಎಡವ್ತಿರೋದು. 2021ರ ಜುಲೈಲಿ ಕೇಂದ್ರ ಸರ್ಕಾರ ಹಳೇ ಗಾಡಿಗಳಿಗೆ ಅಂತಲೇ ಕಾನೂನು ತಂತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬೋದು. ಹೊಸದಾಗಿ ನೋಂದಾಯಿಸಕ್ಕೆ 20,000 ರೂಪಾಯಿ, ಹತ್ತು ವರ್ಷಕ್ಕೆ ನಡೀತದೆ, ಆಮೇಲೆ ಮತ್ತೆ 5,000. ನಂಬರ್ ಪ್ಲೇಟಲ್ಲಿ ವಿ ಎ ಅನ್ನೋ ಅಕ್ಷರ ಬತ್ತದೆ, ಮೊದಲೇ ನೋಂದಣಿ ಆಗಿದ್ರೆ ಹಳೇ ನಂಬರೇ ಉಳಿಸ್ಕೋಬೋದು. ಆದ್ರೆ ಅದನ್ನ ದಿನಾ ಓಡಿಸಂಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಕ್ಕೆ, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬೇಕು. ಬಾಡಿಗೆ ದಂಧೆಗೆ ಬಿಡಂಗೇ ಇಲ್ಲ. ವಿಂಟೇಜ್ ಅಂತ ಮಾಡಿಸದೆ ಮಾಮೂಲಿ ಕಾರಾಗೇ ಇಟ್ಕೊತೀನಿ ಅಂದ್ರೂ ಬಿಳೀ ಬೋರ್ಡಿನ ಸ್ವಂತ ಕಾರನ್ನ ಬಾಡಿಗೆಗೆ ಬಿಡೋದು ತಪ್ಪೇ. ಮದುವೆ ಮನೆ ಮುಂದೆ ಪೊಲೀಸಿನೋರೋ ಆರ್‌ಟಿಓನೋರೋ ಹಿಡಿದ್ರೆ ಗಂಡು ಇಳಿದು ನಡ್ಕೊಂಡು ಹೋಗಬೇಕಾಯ್ತದೆ.

ಇನ್ನೊಂದು ತಮಾಷೆ ಕೇಳಿ. ಈಗ ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸ್ತಾರೆ. ಕಬ್ಬಿನಿಂದಲೂ ಅದನ್ನ ತೆಗೀತಾರೆ, ಕಬ್ಬು ಬೆಳೆಯೋ ನಮ್ಮ ಕಡೆಯೋರಿಗೆ ಅದು ಒಳ್ಳೇ ಸುದ್ದಿನೇ. ಆದ್ರೆ ಹಳೇ ಕಾರಿನ ರಬ್ಬರ್ ಪೈಪು, ವಾಷರುಗಳಿಗೆ ಅದು ಆಗಿ ಬರಕಿಲ್ಲ, ಊದಿಸಿ ಕೊಳೆಸ್ತದೆ. ಅವನ್ನೆಲ್ಲ ಮೊದಲು ಬದಲಾಯಿಸಬೇಕು. ನಮ್ಮ ಕಬ್ಬೇ ಅವನ ಕಾರಿಗೆ ಶತ್ರು!

ಜಮೀನಿನ ದುಡ್ಡಿನ ಮಾತಿಗೆ ಬತ್ತೀನಿ. ಹೊಸ ಬೆಂಗಳೂರು–ಮೈಸೂರು ರಸ್ತೆ 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತು. ಆ ರಸ್ತೆಗೆ ಜಮೀನು ಹೋದ ಮನೆಗಳನ್ನ ನಾವೆಲ್ಲ ಕಂಡಿದೀವಿ. ಪರಿಹಾರ ಬಂದ ವರ್ಷ ಬಾಗಿಲಲ್ಲಿ ಹೊಸ ಕಾರು, ಎರಡು ವರ್ಷಕ್ಕೆ ಆ ಕಾರೂ ಇಲ್ಲ, ಗದ್ದೆನೂ ಇಲ್ಲ. ನಾದಿನಿ ಮನೇಲಿ ಅಂಥದ್ದಾಗದೆ ಉಳಿದಿದ್ದು ಅವಳು ಪಾಸ್‌ಬುಕ್ಕನ್ನ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ರಿಂದ. ಆ ದುಡ್ಡಲ್ಲಿ ಮಗಳ ಮದುವೆ ಐತೆ, ಬೇರೆ ಕಡೆ ಒಂದೆಕರೆ ನೋಡೋಣ ಅನ್ನೋ ಆಸೆ ಐತೆ. ಗದ್ದೆಯಾಗಿದ್ರೆ ವರ್ಷಕ್ಕೆ ಎರಡು ಬೆಳೆ ಕೊಡ್ತಿತ್ತು. ಕಾರು ಷೆಡ್ಡಲ್ಲಿ ನಿಂತು ಉಣ್ತದೆ.

ಈಗ ಮಾರ್ತಿರೋ ಆಯಮ್ಮನ ವಿಚಾರ. ಗಂಡ ತೀರ್ಕೊಂಡವ್ರೆ, ಮಕ್ಕಳು ಹೊರದೇಶದಲ್ಲವ್ರೆ, ಒಬ್ಬರೇ ಇದ್ದಾರಂತೆ. "ಗಂಡ ಪ್ರಾಣದಂಗೆ ಇಟ್ಕೊಂಡಿದ್ದ ಕಾರು ಮಾರಕ್ಕೆ ಮನಸ್ಸಾದ್ರೂ ಹೆಂಗೆ ಬಂತೋ" ಅಂತ ನಮ್ಮವರೇ ಒಬ್ಬರು ಆಡಿದ್ರು. ನನಗೆ ಸಿಟ್ಟೇ ಬಂತು. ಕಾರು ಇಷ್ಟು ಚೆನ್ನಾಗಿ ಉಳಿದಿದ್ದು ಯಾರಿಂದ? ಗಂಡಸು ಭಾನುವಾರ ಓಡಿಸಿ ಬಂದಿರ್ತಾರೆ. ಷೆಡ್ಡು ಗುಡಿಸಿದ್ದು, ಇಲಿ ವೈರು ಕಡೀದಂಗೆ ನೋಡ್ಕೊಂಡಿದ್ದು, ಮಳೆಗಾಲದಲ್ಲಿ ಸೀಟಿಗೆ ಬೂಜು ಹಿಡೀದಂಗೆ ಬಾಗಿಲು ತೆಗೆದಿಟ್ಟಿದ್ದು, ಅವರು ಹೋದ ಮೇಲೂ ವಾರಕ್ಕೊಂದು ಸಲ ಯಾರನ್ನಾದ್ರೂ ಕರೆದು ಸ್ಟಾರ್ಟ್ ಮಾಡಿಸಿದ್ದು ಆ ಹೆಂಗಸೇ ಇರಬೇಕು. ಇನ್ನು ಕೈಲಾಗಕಿಲ್ಲ ಅಂತ ಮಾರಿದ್ರೆ ಅದರಲ್ಲೇನು ತಪ್ಪು? ಹಳ್ಳಿಕಾರ್ ಜೋಡಿ ಸಾಕಿದ ನಮ್ಮೋರೂ ವಯಸ್ಸಾದ ಮೇಲೆ ಹೇಮಗಿರಿ ಜಾತ್ರೆಗೋ ಮುಡುಕುತೊರೆಗೋ ಹೊಡ್ಕೊಂಡು ಹೋಗಿ ಕೊಟ್ಟು ಬಂದವ್ರೆ. ಆದ್ರೆ ಬೆಲೆ ಒಂದೇ ನೋಡ್ತಿರಲಿಲ್ಲ, ತಗೊಳ್ಳೋನ ಮನೇಲಿ ಮೇವು ಐತಾ, ಕೊಟ್ಟಿಗೆ ಐತಾ ವಿಚಾರಿಸೋರು.

ಆಯಮ್ಮನೂ ಹಂಗೇ ವಿಚಾರಿಸಲಿ ಅಂತ ನನ್ನ ಆಸೆ. ಶ್ರೀರಂಗಪಟ್ಟಣದ ಹತ್ರ ಧರ್ಮಸ್ಥಳದೋರು 2023ರಲ್ಲಿ 'ಪಯಣ' ಅಂತ ಹಳೇ ಕಾರುಗಳ ಮ್ಯೂಸಿಯಂ ಮಾಡವ್ರೆ. ಅಂಥ ಕಡೆ ಹೋದ್ರೆ ಸ್ಕೂಲ್ ಮಕ್ಕಳೂ ನೋಡ್ತಾರೆ, ನಾವೂ ಟಿಕೆಟ್ ತಗೊಂಡು ನೋಡ್ತೀವಿ. ಇಲ್ಲದಿದ್ರೆ ಷೆಡ್ಡು, ಮೆಕ್ಯಾನಿಕ್ಕು, ದುಡ್ಡು ಮೂರೂ ಇರೋ ಯಾರಾದ್ರೂ ತಗೊಳ್ಳಲಿ. ನಮ್ಮ ನಾದಿನಿ ಮನೇಲಿ ಕಾರು ನಿಲ್ಲಿಸೋ ಜಾಗ ಅಂದ್ರೆ ಹಸು ಕಟ್ಟೋ ಚಪ್ಪರ.

ಹುಡುಗ ನನ್ನ ಮೇಲೆ ಮುನಿಸ್ಕೊಂಡವ್ನೆ. "ಅತ್ತೆ, ನಿಮಗೆ ಇದರ ಬೆಲೆ ಗೊತ್ತಿಲ್ಲ" ಅಂದ. ಬೆಲೆ ಗೊತ್ತಿರೋದ್ರಿಂದಲೇ ಹೇಳ್ತಾ ಇರೋದು ಕಣಪ್ಪ ಅಂದೆ. ತಗೊಂಡ ಮೇಲೆ ಪೂಜೆಗೆ ನಮ್ಮೂರ ಬಸವಪ್ಪನ್ನ ಕರೆಸಿ ಅಂತ ಬೇರೆ ಕೇಳ್ತಾನೆ! ತಗೊಳ್ಳೋಕೆ ಮುಂಚೆನೇ ಕರೆಸ್ತೀನಿ, ಬಸವಪ್ಪ ಏನು ಮಾಡ್ತಾನೋ ನೋಡೋಣ ಅಂದಿದೀನಿ, ಅದಕ್ಕೆ ಸುಮ್ಮನಾದ.

ಬರೋ ಭಾನುವಾರ ತಾಯಿ ಮಗ ಇಬ್ಬರೂ ಬೆಂಗಳೂರಿಗೆ ಹೋಗಿ ಕಾರು ನೋಡ್ಕೊಂಡು ಬತ್ತಾರಂತೆ. ಹೋಗಿ ಬರಲಿ, ನೋಡಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಾದಿನಿಗೆ ಎರಡು ಮಾತು ಹೇಳಿ ಕಳಿಸ್ತಾ ಇವ್ನಿ: ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಬಿಚ್ಚಬ್ಯಾಡ, ಆಯಮ್ಮನ ಹತ್ರ ಕೂತು ಕಾಫಿ ಕುಡಿದು ಬಾ. ಪಾಸ್‌ಬುಕ್ಕು ಈಗ ನಮ್ಮನೆ ಬೀರುವಲ್ಲೈತೆ.