ಬಾಗಿಲಿನ ಕೀಲಿಕೈ ಯಾರ ಕೈಯಲ್ಲಿ?

ಇಂದು ನಮ್ಮ ಗಡಿಭಾಗದ ಅನೇಕ ಮನೆಗಳಿಗೆ ಅಂತರ್ಜಾಲ ಬಂದಿದೆ. ಗೋಡೆಯ ಮೇಲೆ ಮಿಣುಕುವ ದೀಪಗಳ ಪೆಟ್ಟಿಗೆಯೊಂದು ಇರುತ್ತದೆ. ಅದೇ ರೌಟರ್. ಹೊರಗಿನ ಜಾಲಕ್ಕೂ ಮನೆಯ ಮೊಬೈಲುಗಳಿಗೂ ನಡುವೆ ನಿಂತು ದಾರಿ ತೋರಿಸುವುದು ಅದರ ಕೆಲಸ. ಅದು ಮನೆಯ ತಲೆಬಾಗಿಲು ಇದ್ದಂತೆ. ಆ ಬಾಗಿಲಿನ ಕೀಲಿಕೈ ಯಾರ ಕೈಯಲ್ಲಿದೆ ಎಂದು ಪಾಲಕರು ಎಂದಾದರೂ ಯೋಚಿಸಿದ್ದಾರೆಯೇ?

ರೌಟರ್ ಸಹ ಒಂದು ಕಂಪ್ಯೂಟರೇ. ಅದರ ತಂತ್ರಾಂಶದಲ್ಲಿ ದೋಷ ಕಂಡರೆ ತಯಾರಕರು ತಿದ್ದುಪಡಿ ಕಳಿಸಬೇಕು. ಕೆಲವು ವರ್ಷಗಳಾದ ಮೇಲೆ ಅನೇಕ ಪೆಟ್ಟಿಗೆಗಳಿಗೆ ಅದು ಬರುವುದೇ ನಿಲ್ಲುತ್ತದೆ. ಬಾಗಿಲು ಹಳೆಯದು, ಕಳ್ಳರು ಮಾತ್ರ ಹೊಸಬರು!

ಇದಕ್ಕೊಂದು ಉಪಾಯವುಂಟು. 2012ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಕಲಿಕೆಗೆಂದೇ 'ರಾಸ್ಪ್‌ಬೆರಿ ಪೈ' ಎಂಬ ಅಂಗೈಯಗಲದ ಕಂಪ್ಯೂಟರನ್ನು ಹೊರತಂದರು. ಅದಕ್ಕೆ 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಉಚಿತ ತಂತ್ರಾಂಶವನ್ನು ಹಾಕಿದರೆ ಅದೇ ರೌಟರ್ ಆಗುತ್ತದೆ. ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ರಾತ್ರಿ ಹತ್ತರ ಮೇಲೆ ಮಕ್ಕಳ ಮೊಬೈಲಿಗೆ ಜಾಲ ನಿಲ್ಲಬೇಕೆಂಬ ನಿಯಮವನ್ನು ಮನೆಯವರೇ ಬರೆಯಬಹುದು.

ಹಳೆಯ ಕಂಪ್ಯೂಟರಿನಿಂದಲೂ ಈ ಕೆಲಸ ಆಗದೇ? ಆಗುತ್ತದೆ. ಆದರೆ ವಿದ್ಯಾರ್ಥಿಗಳೇ, ಲೆಕ್ಕ ಮಾಡಿ ನೋಡಿರಿ. ರೌಟರ್ ಹಗಲಿರುಳು ನಡೆಯುತ್ತಿರಬೇಕು. 60 ವ್ಯಾಟಿನ ಕಂಪ್ಯೂಟರು ವರ್ಷಕ್ಕೆ ಸುಮಾರು 525 ಯೂನಿಟ್ ವಿದ್ಯುತ್ ನುಂಗಿದರೆ, 5 ವ್ಯಾಟಿನ ಪುಟ್ಟದಕ್ಕೆ ಸುಮಾರು 44 ಯೂನಿಟ್ ಸಾಕು. ಕರೆಂಟು ಹೋದಾಗ ಸಣ್ಣ ಬ್ಯಾಟರಿಯಿಂದಲೂ ನಡೆದೀತು.

ತೊಡಕುಗಳೂ ಇವೆ. ಪೈಗೆ ತಂತಿ ಜೋಡಿಸುವ ಕಿಂಡಿ ಒಂದೇ. ಯುಎಸ್‌ಬಿ ಮೂಲಕ ಇನ್ನೊಂದನ್ನು ಸೇರಿಸಬೇಕಾಗುತ್ತದೆ. ಅದರ ವೈಫೈ ದೂರದವರೆಗೆ ಹೋಗದು. ತಿದ್ದುಪಡಿ ಹಾಕುವ ಹೊಣೆಯೂ ನಮ್ಮದೇ. ಕೀಲಿಕೈ ಹಿಡಿದವನು ಬಾಗಿಲನ್ನೂ ಕಾಯಬೇಕಲ್ಲವೇ? ಆದ್ದರಿಂದ ಪ್ರತಿ ಮನೆಯವರೂ ನಾಳೆಯೇ ಇದನ್ನು ಕೊಳ್ಳಲಿ ಎಂದು ನಾನು ಹೇಳುವುದಿಲ್ಲ. ಮೊದಲು ಪ್ರತಿ ಶಾಲೆಯಲ್ಲಿ ಒಂದಾದರೂ ಇರಲಿ. ಮಕ್ಕಳು ಅದನ್ನು ಬಿಚ್ಚಿ, ಜೋಡಿಸಿ ಕಲಿಯಲಿ.

ಇದು ಹಳ್ಳಿಯವರಿಗೆ ಆಗದ ಕೆಲಸ ಎನ್ನುವವರುಂಟು. ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ 'ಸಂಗಂ ರೇಡಿಯೊ' ಕೇಂದ್ರವನ್ನು ನಡೆಸಿದವರು ಹಳ್ಳಿಯ ದಲಿತ ಮಹಿಳೆಯರು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ 'ಜನಸ್ತು' ಸಂಸ್ಥೆಯು ಊರಿನವರದೇ ಆದ ವೈಫೈ ಜಾಲವನ್ನು ಕಟ್ಟಿದೆ. ಯಂತ್ರವು ಯಾರ ಜಾತಿಯನ್ನೂ ಊರನ್ನೂ ಕೇಳುವುದಿಲ್ಲ. ಕಲಿತವರ ಮಾತನ್ನು ಕೇಳುತ್ತದೆ. ನ್ಯಾಲ್ಕಲ್ಲಿನ ಮಕ್ಕಳು ಬರೀ ಜಾಲದ ಗಿರಾಕಿಗಳಾಗಿ ಉಳಿಯದೆ, ಅದನ್ನು ಅರಿತು ನಡೆಸುವವರಾಗಲಿ.